ಶಾಲೆ ತೆರೆಯುವ ಮೊದಲು ಆರೋಗ್ಯ ತಪಾಸಣೆ: ಮಗುವಿಗೆ ಏನೆಂದು ಹೇಳಿ ಕರೆದುಕೊಂಡು ಹೋಗುವುದು?

ಕಾವೂರಿನ ತಾಯಿ

ಎಲ್ಲರಿಗೂ ನಮಸ್ಕಾರ. ಮಗಳು ಈ ಸಲ ಒಂದನೆಯ ತರಗತಿಗೆ, ಮಗ ಐದನೆಯ ತರಗತಿಗೆ. ಶಾಲೆಯವರು ಕಳುಹಿಸಿದ ಪಟ್ಟಿಯಲ್ಲಿ ಕೊಡೆ, ರೈನ್‌ಕೋಟು, ಪುಸ್ತಕಗಳ ಜೊತೆಗೆ ವೈದ್ಯರ ಸಹಿ ಇರುವ ಆರೋಗ್ಯ ಪತ್ರ, ರಕ್ತದ ಗುಂಪು, ಲಸಿಕೆಯ ವಿವರ ಕೂಡ ಇದೆ. ಮಗಳಿಗೆ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು) ಲಸಿಕೆಯ ಎರಡನೆಯ ಬೂಸ್ಟರ್ ಆಗಬೇಕು.

ಅವಳಿಗೆ ಬಿಳಿ ಕೋಟು ಕಂಡರೆ ಮೈ ನಡುಕ. ಅನ್ನ ತಿನ್ನದಿದ್ದರೆ, ಹಟ ಮಾಡಿದರೆ, ನಿದ್ದೆ ಮಾಡದಿದ್ದರೆ, ಎಲ್ಲದಕ್ಕೂ “ಡಾಕ್ಟರನ್ನು ಕರೆಯುತ್ತೇನೆ, ಸೂಜಿ ಚುಚ್ಚಿಸುತ್ತೇನೆ” ಎಂದು ಬಂದವರು ಹೋದವರೆಲ್ಲ ಹೆದರಿಸಿದ್ದಾರೆ. ಈಗ ಮನೆಯಲ್ಲಿ ಹಿರಿಯರು ಹೇಳುವುದೇನೆಂದರೆ, ಪಣಂಬೂರು ಬೀಚಿಗೆ ಎಂದು ಹೇಳಿ ಹೊರಡಿಸು, ದಾರಿಯಲ್ಲಿ ಆಸ್ಪತ್ರೆಗೆ ತಿರುಗಿಸಿದರಾಯಿತು, ಅತ್ತರೆ ಆಮೇಲೆ ಐಸ್‌ಕ್ರೀಂ ಕೊಡಿಸು. ನನಗೆ ಮನಸ್ಸು ಒಪ್ಪುತ್ತಿಲ್ಲ. ನಿಜ ಹೇಳಿದರೆ ಹಿಂದಿನ ರಾತ್ರಿಯಿಡೀ ಅಳುತ್ತಾಳೆ ಎಂಬ ಭಯವೂ ಇದೆ. ಯಾವಾಗ ಹೇಳಬೇಕು, ಎಷ್ಟು ಹೇಳಬೇಕು? ತಪಾಸಣೆಯಲ್ಲಿ ಏನೇನು ನೋಡಬೇಕೆಂದು ನಾವೇ ಕೇಳಬೇಕೇ ಅಥವಾ ಅವರೇ ನೋಡುತ್ತಾರೆಯೇ?

ಬ್ರಹ್ಮಾವರದ ಅಜ್ಜಿ

ಬೀಚಿನ ಹೆಸರು ಹೇಳಿ ಖಂಡಿತ ಕರೆದುಕೊಂಡು ಹೋಗಬೇಡಿ ಮಗಳೇ. ಒಂದು ಸಲ ಮೋಸ ಹೋದ ಮಗು ಮುಂದಿನ ಸಲ ನಿಜವಾಗಿಯೂ ಬೀಚಿಗೆ ಹೊರಟರೂ ನಂಬುವುದಿಲ್ಲ.

ನಮ್ಮಲ್ಲಿ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಸುತ್ತೇವಲ್ಲ, ಅದು ಸಿಹಿ ಎಂದು ಯಾರಾದರೂ ಹೇಳುತ್ತಾರೆಯೇ? ಕಹಿ ಎಂದೇ ಹೇಳುತ್ತೇವೆ. ಮೊದಲು ಹಿರಿಯರು ಕುಡಿಯುತ್ತಾರೆ, ಮಕ್ಕಳು ಅವರ ಮುಖ ನೋಡಿ ತಾವೂ ಕುಡಿಯುತ್ತಾರೆ, ಮೇಲಿಂದ ಒಂದು ಚೂರು ಬೆಲ್ಲ, ಆಮೇಲೆ ಮೆಂತೆ ಗಂಜಿ. ಕಹಿ ಇದೆ, ಆದರೆ ಬೇಗ ಮುಗಿಯುತ್ತದೆ ಎಂದು ಮಗುವಿಗೆ ಗೊತ್ತಿರುತ್ತದೆ. ಸೂಜಿಯ ವಿಷಯವೂ ಹಾಗೆಯೇ ಹೇಳಿ. ಮನೆಗೆ ಬರುವವರಿಗೂ ಸೂಜಿಯ ಹೆಸರೆತ್ತಿ ಹೆದರಿಸಬಾರದೆಂದು ಖಡಾಖಂಡಿತವಾಗಿ ತಿಳಿಸಿ. ಹಿರಿಯರಾದರೂ ಪರವಾಗಿಲ್ಲ, ಹೇಳಲೇಬೇಕು.

ನರ್ಸ್, ಉಡುಪಿ

ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಮಕ್ಕಳ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಗೊತ್ತಿಲ್ಲದೆ ಬಂದ ಮಕ್ಕಳು ಬಾಗಿಲಲ್ಲೇ ಅಪ್ಪನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಲ್ಲುತ್ತಾರೆ. ತೂಕದ ಯಂತ್ರದ ಮೇಲೆ ನಿಲ್ಲಿಸಲೂ ಆಗುವುದಿಲ್ಲ. ಗೊತ್ತಿದ್ದು ಬಂದವರೂ ಅಳುತ್ತಾರೆ, ಆದರೆ ಅಳು ಸೂಜಿಯ ಹೊತ್ತಿಗೆ ಬಂದು ಸೂಜಿಯ ಜೊತೆಗೇ ಹೋಗುತ್ತದೆ.

ಐದಾರು ವರ್ಷದ ಮಗುವಿಗೆ ವಾರದ ಮೊದಲೇ ಹೇಳುವುದು ಬೇಡ, ಚಿಂತೆ ಬೆಳೆಯುತ್ತದೆ. ಹಿಂದಿನ ದಿನ ಸಂಜೆ ಅಥವಾ ಆ ದಿನ ಬೆಳಿಗ್ಗೆ ಸಾಕು. ಹತ್ತು ವರ್ಷದ ಮಗನಿಗೆ ಎರಡು ಮೂರು ದಿನ ಮೊದಲೇ ಹೇಳಿ, ಅವನಿಗೆ ಪ್ರಶ್ನೆ ಕೇಳಲು ಸಮಯ ಬೇಕು. ಮಗಳಿಗೆ ಹೇಳುವಾಗ ನಡೆಯುವ ಕ್ರಮದಲ್ಲೇ ಹೇಳಿ: ಮೊದಲು ಗೋಡೆಗೆ ಬೆನ್ನು ತಾಗಿಸಿ ನಿಂತು ಎತ್ತರ ಅಳೆಯುತ್ತಾರೆ, ತೂಕ ನೋಡುತ್ತಾರೆ, ಬಾಯಿ ತೆರೆದು “ಆ” ಎನ್ನಲು ಹೇಳುತ್ತಾರೆ, ಎದೆಗೆ ಸ್ಟೆತಸ್ಕೋಪ್ ಇಡುತ್ತಾರೆ, ಅದು ಸ್ವಲ್ಪ ತಣ್ಣಗಿರುತ್ತದೆ, ಹೊಟ್ಟೆ ಒತ್ತಿ ನೋಡುತ್ತಾರೆ, ಕೊನೆಗೆ ತೋಳಿಗೆ ಒಂದು ಚುಚ್ಚುಮದ್ದು. “ನೋವೇ ಆಗುವುದಿಲ್ಲ” ಎನ್ನಬೇಡಿ. “ಚುಚ್ಚಿದಾಗ ನೋವಾಗುತ್ತದೆ, ಹತ್ತು ಎಣಿಸುವುದರೊಳಗೆ ಕಡಿಮೆಯಾಗುತ್ತದೆ, ನಾನು ನಿನ್ನನ್ನು ಹಿಡಿದುಕೊಂಡೇ ಇರುತ್ತೇನೆ” ಎನ್ನಿ. “ಹೆದರಬೇಡ, ಹೆದರಬೇಡ” ಎಂದು ಹತ್ತು ಸಲ ಹೇಳಿದರೆ ಹೆದರಬೇಕಾದದ್ದು ಏನೋ ಇದೆ ಎಂದೇ ಮಗು ತಿಳಿಯುತ್ತದೆ.

ಅಲ್ಲಿಗೆ ಬಂದ ಮೇಲೆ ಅವಳನ್ನು ಮಲಗಿಸಿ ಕೈಕಾಲು ಅದುಮಿ ಹಿಡಿಯಬೇಡಿ. ತೊಡೆಯ ಮೇಲೆ ನೇರವಾಗಿ ಕೂರಿಸಿಕೊಂಡು ಅಪ್ಪಿಕೊಳ್ಳಿ, ಒಂದು ತೋಳು ಮಾತ್ರ ಹೊರಗಿರಲಿ. ಬಲೂನು ಊದುವಂತೆ ನಿಧಾನವಾಗಿ ಉಸಿರು ಬಿಡಲು ಹೇಳಿ, ಆ ಗಳಿಗೆಗೆ ನಾವು ಚುಚ್ಚುತ್ತೇವೆ. ತೀರಾ ಹೆದರುವ ಮಕ್ಕಳಿಗೆ ಚರ್ಮವನ್ನು ಮರಗಟ್ಟಿಸುವ ಕ್ರೀಂ ಇದೆ, ಅದನ್ನು ಸುಮಾರು ಒಂದು ಗಂಟೆ ಮೊದಲೇ ಹಚ್ಚಿರಬೇಕು. ವೈದ್ಯರನ್ನು ಮುಂಚೆಯೇ ಕೇಳಿ ಬರೆಸಿಕೊಳ್ಳಿ. ಮಗ ದೊಡ್ಡವನೆಂದು ಅವನ ಕಡೆ ನಿರ್ಲಕ್ಷ್ಯ ಬೇಡ. ಸೂಜಿಯ ಹೊತ್ತಿಗೆ ತಲೆ ತಿರುಗಿ ಬೀಳುವವರು ಹೆಚ್ಚಾಗಿ ಹತ್ತು ದಾಟಿದ ಮಕ್ಕಳೇ. ಹಾಗಾಗುವ ಅಭ್ಯಾಸ ಇದ್ದರೆ ಮೊದಲೇ ಹೇಳಿ, ಮಲಗಿಸಿ ಕೊಡುತ್ತೇವೆ. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲೇ ಕುಳಿತಿದ್ದು ಹೊರಡಿ.

ಸುರತ್ಕಲ್ ತಂದೆ

ಸಿಸ್ಟರ್ ಹೇಳಿದ್ದು ಉಪಯುಕ್ತ. ಆದರೆ ಮೂಲ ಪ್ರಶ್ನೆಯನ್ನೇ ಕೇಳುತ್ತೇನೆ. ಆಡಿಕೊಂಡು, ತಿಂದುಕೊಂಡು ಇರುವ ಮಗುವನ್ನು ಆಸ್ಪತ್ರೆಗೆ ಏಕೆ ಕರೆದೊಯ್ಯಬೇಕು? ಮಳೆಗಾಲದಲ್ಲಿ ಹೇಗೂ ಶೀತ, ಜ್ವರಕ್ಕೆ ಹೋಗಿಯೇ ಹೋಗುತ್ತೇವೆ, ಆಗ ವೈದ್ಯರು ನೋಡುವುದಿಲ್ಲವೇ? ಶಾಲೆಯಲ್ಲೂ ವರ್ಷಕ್ಕೊಮ್ಮೆ ಶಿಬಿರ ನಡೆಸುತ್ತಾರೆ. ಎರಡೆರಡು ಸಲ ಖರ್ಚು ಯಾಕೆ?

ಕಾರ್ಕಳದ ಟೀಚರ್

ಅಣ್ಣ, ಜ್ವರಕ್ಕೆ ಹೋದ ದಿನ ವೈದ್ಯರು ಜ್ವರವನ್ನು ನೋಡುತ್ತಾರೆ. ಹೊರಗೆ ಸಾಲು ಇರುತ್ತದೆ, ಮಗು ಸುಸ್ತಾಗಿರುತ್ತದೆ. ಆ ದಿನ ಕಣ್ಣು, ಹಲ್ಲು, ಬೆನ್ನು, ಬೆಳವಣಿಗೆ ನೋಡಲು ಯಾರಿಗೂ ಪುರಸೊತ್ತಿಲ್ಲ.

ಶಾಲಾ ಶಿಬಿರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದರಲ್ಲಿ ತುಂಬಾ ಜನರಿಗೆ ಗೊಂದಲವಿದೆ. ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಅದರ ತಂಡ ವಾಹನದಲ್ಲಿ ಬಂದು ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳನ್ನು ವರ್ಷಕ್ಕೆ ಒಂದು ಸಲ ತಪಾಸಣೆ ಮಾಡುತ್ತದೆ. ಹುಟ್ಟಿನಿಂದ ಬಂದ ದೋಷ, ಪೋಷಕಾಂಶಗಳ ಕೊರತೆ, ಕಾಯಿಲೆ, ಬೆಳವಣಿಗೆಯ ಹಿನ್ನಡೆ, ಈ ನಾಲ್ಕನ್ನೂ ನೋಡುತ್ತಾರೆ. ಏನಾದರೂ ಕಂಡರೆ ಮುಂದಿನ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ, ಚಿಕಿತ್ಸೆ ಉಚಿತ. ಆದರೆ ಅನುದಾನವಿಲ್ಲದ ಖಾಸಗಿ ಶಾಲೆಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ನಿಮ್ಮ ಮಕ್ಕಳ ಶಾಲೆ ಯಾವ ಬಗೆಯದು ಎಂದು ಮೊದಲು ತಿಳಿದುಕೊಳ್ಳಿ. ಖಾಸಗಿಯಾದರೆ ಶಿಬಿರದಲ್ಲಿ ಯಾರು ಬರುತ್ತಾರೆ, ಏನು ನೋಡುತ್ತಾರೆ ಎಂಬುದು ಆಡಳಿತದವರ ಕೈಯಲ್ಲಿದೆ.

ನನಗೆ ಅತಿ ಹೆಚ್ಚು ನೋವು ಕೊಡುವುದು ಆ ಚೀಟಿಯ ಗತಿ. ತಂಡದವರು ಶ್ರದ್ಧೆಯಿಂದ ನೋಡಿ, “ಹೃದಯದಲ್ಲಿ ಮರ್ಮರ ಶಬ್ದ, ಜಿಲ್ಲಾ ಆಸ್ಪತ್ರೆಗೆ” ಎಂದು ಬರೆದು ಮಗುವಿನ ಕೈಗೆ ಕೊಟ್ಟಿದ್ದರು. ಮೂರು ತಿಂಗಳ ನಂತರ ಆ ಹುಡುಗನ ಕಂಪಾಸ್ ಪೆಟ್ಟಿಗೆಯಲ್ಲಿ ಪೆನ್ಸಿಲಿನ ಹೊಟ್ಟಿನ ಅಡಿಯಲ್ಲಿ ನಾಲ್ಕು ಮಡಿಕೆಯಾಗಿ ಮುದುಡಿದ್ದ ಅದೇ ಚೀಟಿ ಸಿಕ್ಕಿತು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಅವನಿಗೆ ಚಿಕಿತ್ಸೆಯಾಗಿದೆ, ಚೆನ್ನಾಗಿದ್ದಾನೆ. ಶಿಬಿರ ನಡೆದ ದಿನ ಮಗುವಿನ ಚೀಲವನ್ನು ನೀವೇ ಬಿಚ್ಚಿ ನೋಡಿ. ಚೀಟಿ ಇಲ್ಲದಿದ್ದರೆ ನಮಗೆ ಒಂದು ಫೋನ್ ಮಾಡಿ ಕೇಳಿ.

ಕಣ್ಣಿನ ತಪಾಸಕ, ಹಂಪನಕಟ್ಟೆ

ಟೀಚರ್ ಹೇಳಿದ್ದಕ್ಕೆ ಕಣ್ಣಿನ ಕುರಿತು ಸೇರಿಸುತ್ತೇನೆ. ಶಾಲೆಯಲ್ಲಿ ಸಾಲಾಗಿ ನಿಲ್ಲಿಸಿ ಅಕ್ಷರದ ಪಟ್ಟಿ ಓದಿಸುವಾಗ ಹಿಂದೆ ನಿಂತ ಮಕ್ಕಳು ಮುಂದಿನವರು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿರುತ್ತಾರೆ. ತಮ್ಮ ಸರದಿ ಬಂದಾಗ ಕಾಣದಿದ್ದರೂ ಪಟಪಟನೆ ಹೇಳಿಬಿಡುತ್ತಾರೆ. ಅವರಿಗೆ ಅದು ಪರೀಕ್ಷೆ, ತಪ್ಪು ಹೇಳಿದರೆ ನಾಚಿಕೆ. ಅದಕ್ಕಾಗಿ ಮನೆಯಲ್ಲೇ ಹೇಳಿ ಕಳುಹಿಸಿ: “ಇಲ್ಲಿ ಅಂಕ ಇಲ್ಲ. ಕಾಣದಿದ್ದರೆ ಕಾಣುವುದಿಲ್ಲ ಎಂದು ಹೇಳುವುದೇ ಸರಿಯಾದ ಉತ್ತರ.” ತಪಾಸಣೆಗೆ ಮಗುವನ್ನು ಅಣಿಗೊಳಿಸುವುದರಲ್ಲಿ ಈ ಒಂದು ಮಾತು ಬಹಳ ಮುಖ್ಯ.

ಇನ್ನೊಂದು, ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಮಸುಕಾಗಿದ್ದರೆ ಮಗುವಿಗೆ ಏನೂ ಅನಿಸುವುದಿಲ್ಲ. ಓದುತ್ತದೆ, ಆಡುತ್ತದೆ, ದೂರು ಹೇಳುವುದಿಲ್ಲ. ಮಿದುಳು ಮಸುಕಾದ ಕಣ್ಣನ್ನು ಬಳಸುವುದನ್ನೇ ಬಿಡುತ್ತಾ ಬರುತ್ತದೆ, ಇದನ್ನೇ ಸೋಮಾರಿ ಕಣ್ಣು ಎನ್ನುವುದು. ಏಳೆಂಟು ವರ್ಷದೊಳಗೆ ಗೊತ್ತಾದರೆ ಕನ್ನಡಕ, ಒಳ್ಳೆಯ ಕಣ್ಣಿಗೆ ಪಟ್ಟಿ, ಇಷ್ಟರಲ್ಲೇ ಚೆನ್ನಾಗಿ ಸುಧಾರಿಸುತ್ತದೆ. ತಡವಾದಷ್ಟೂ ಕಷ್ಟ. ಮನೆಯಲ್ಲೇ ಅಂಗೈಯಿಂದ ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆಯ ಕ್ಯಾಲೆಂಡರ್ ಓದಿಸಿ ನೋಡಿ. ಒಂದು ಕಣ್ಣು ಮುಚ್ಚಿದಾಗ ಮಾತ್ರ ಮಗು ಕೈ ತಳ್ಳಿ ಕಿರಿಕಿರಿ ಮಾಡಿದರೆ ಮುಂದೂಡದೆ ಕರೆತನ್ನಿ. ಮಕ್ಕಳಿಗೆ ಕಣ್ಣಿಗೆ ಮದ್ದು ಬಿಟ್ಟು ನೋಡಬೇಕಾಗುತ್ತದೆ. ಅದು ಸ್ವಲ್ಪ ಉರಿಯುತ್ತದೆ, ಕೆಲವು ಗಂಟೆ, ಕೆಲವೊಮ್ಮೆ ಮರುದಿನದವರೆಗೂ ಹತ್ತಿರದ್ದು ಮಸುಕಾಗಿ ಕಾಣುತ್ತದೆ. ಇದನ್ನೂ ಮಗುವಿಗೆ ಹೇಳಿಯೇ ಕರೆತನ್ನಿ. ರಜೆಯಲ್ಲೇ ಮುಗಿಸಿ ಎನ್ನುವುದು ಇದಕ್ಕೇ.

ಸುರತ್ಕಲ್ ತಂದೆ

ಸಾಲಿನಲ್ಲಿ ನಿಂತು ಬಾಯಿಪಾಠ ಮಾಡುತ್ತಾರೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಶನಿವಾರಕ್ಕೆ ಮಗನ ಹೆಸರು ಬರೆಸುತ್ತೇನೆ.

ದಂತ ವೈದ್ಯೆ, ಕುಂದಾಪುರ

ಆರು ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಅದು ಬರುವುದರಿಂದ ಹೆಚ್ಚಿನವರು ಅದನ್ನೂ ಹಾಲುಹಲ್ಲು ಎಂದುಕೊಂಡು, ಹುಳುಕಾದರೂ “ಬಿದ್ದು ಬೇರೆ ಬರುತ್ತದೆ” ಎಂದು ಸುಮ್ಮನಿರುತ್ತಾರೆ. ಅದು ಶಾಶ್ವತ ಹಲ್ಲು, ಬಿದ್ದರೆ ಇನ್ನೊಂದಿಲ್ಲ. ಒಂದನೆಯ ತರಗತಿಗೆ ಹೋಗುವ ಪ್ರತಿ ಮಗುವಿನ ಬಾಯಿಯ ಹಿಂಬದಿಯನ್ನು ಟಾರ್ಚ್ ಹಾಕಿ ನೋಡಿ. ಅದರ ಆಳವಾದ ಗೆರೆಗಳನ್ನು ಮೊದಲೇ ಮುಚ್ಚಿಸಬಹುದು, ನೋವಿಲ್ಲ, ಸೂಜಿಯೂ ಇಲ್ಲ.

ಬಿಕರ್ನಕಟ್ಟೆ ಅಮ್ಮ

ಇದನ್ನು ಹೇಗೆ ಕೇಳುವುದೆಂದು ಗೊತ್ತಾಗದೆ ತಡೆದಿದ್ದೆ. ಮಗಳಿಗೆ ಹನ್ನೊಂದು ವರ್ಷ. ಮೈ ಮುಟ್ಟಲು ಯಾರಿಗೂ ಬಿಡಬಾರದು ಎಂದು ಕಲಿಸಿದ್ದೇನೆ. ಈಗ ವೈದ್ಯರು ಪರೀಕ್ಷಿಸಬೇಕೆಂದರೆ ಅವಳಿಗೆ ಏನು ಹೇಳಲಿ?

ಮಕ್ಕಳ ವೈದ್ಯೆ, ಮಣಿಪಾಲ

ಒಳ್ಳೆಯ ಪ್ರಶ್ನೆ ಕೇಳಿದಿರಿ, ಸಂಕೋಚ ಬೇಡ. ನೀವು ಕಲಿಸಿದ್ದು ಹಾಗೆಯೇ ಇರಲಿ, ಅದಕ್ಕೆ ಒಂದು ಮಾತು ಸೇರಿಸಿ. ವೈದ್ಯರು ಬಟ್ಟೆ ಸರಿಸಿ ನೋಡಬೇಕಾದರೆ ಅಮ್ಮನೋ ಅಪ್ಪನೋ ಕೋಣೆಯಲ್ಲೇ ಇರುತ್ತಾರೆ, ಏಕೆ ನೋಡುತ್ತೇವೆಂದು ವೈದ್ಯರು ಮೊದಲೇ ಹೇಳುತ್ತಾರೆ, ಅದರಲ್ಲಿ ಗುಟ್ಟು ಏನೂ ಇರುವುದಿಲ್ಲ, ಇಷ್ಟವಾಗದಿದ್ದರೆ “ನಿಲ್ಲಿಸಿ” ಎನ್ನಬಹುದು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಮನೆಗೆ ಬಂದು ಹೇಳಬೇಕು. ಮಹಿಳಾ ವೈದ್ಯರೇ ಬೇಕೆಂದು ಕೇಳುವ ಹಕ್ಕೂ ನಿಮಗಿದೆ.

ಹನ್ನೊಂದರ ಹುಡುಗಿಗೆ ಮುಟ್ಟಿನ ಬಗ್ಗೆ ಮನೆಯಲ್ಲೇ ಮೊದಲು ತಿಳಿಸಿ. ಶಾಲೆಯಲ್ಲಿ ಒಂದು ದಿನ ಗಾಬರಿಯಾಗಿ ಗೊತ್ತಾಗುವುದಕ್ಕಿಂತ ಅದು ಎಷ್ಟೋ ಮೇಲು. ಚೀಲದಲ್ಲಿ ಒಂದು ಪ್ಯಾಡ್ ಈಗಲೇ ಇರಲಿ. ಮುಂದೆ ಬಗ್ಗಿಸಿ ಬೆನ್ನುಮೂಳೆ ನೇರ ಇದೆಯೇ ಎಂದು ನೋಡುವುದೂ ಈ ವಯಸ್ಸಿನಲ್ಲೇ. ಚಿಕ್ಕ ಗಂಡುಮಕ್ಕಳಲ್ಲಿ ಬೀಜ ಚೀಲಕ್ಕೆ ಇಳಿದಿದೆಯೇ, ಹರ್ನಿಯಾ ಇದೆಯೇ ಎಂದು ನೋಡಲೇಬೇಕು. ಅದನ್ನು ನಾಚಿಕೆಯಿಂದ ಬಿಟ್ಟರೆ ಮುಂದೆ ತೊಂದರೆ.

ಕಾವೂರಿನ ತಾಯಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ಇವತ್ತು ಹೋಗಿ ಬಂದೆವು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹೇಳಿದೆ. “ಎಷ್ಟು ನೋವಾಗುತ್ತದೆ? ಇರುವೆ ಕಚ್ಚಿದಷ್ಟಾ, ಚೇಳು ಕಚ್ಚಿದಷ್ಟಾ?” ಎಂದು ಕೇಳಿದಳು. “ದೊಡ್ಡ ಚಿಗಳಿ ಇರುವೆ ಕಚ್ಚಿದಷ್ಟು” ಎಂದೆ. ಅತ್ತಳು, ಆದರೆ ಬೇಗ ಮುಗಿಯಿತು. ಹೊರಗೆ ಬಂದು “ಚಿಗಳಿಗಿಂತ ಸ್ವಲ್ಪ ಜಾಸ್ತಿ” ಎಂದು ತಿದ್ದಿದಳು.

ಈಗ ಎರಡು ವಿಷಯ. ಒಂದು, ಅವಳ ಹಿಮೋಗ್ಲೋಬಿನ್ 11.2 ಬಂದಿದೆ. ಸ್ವಲ್ಪ ಕಡಿಮೆ ಎಂದು ಸಿರಪ್ ಬರೆದಿದ್ದಾರೆ. ಎರಡು, ಮಗನಿಗೆ 10 ವರ್ಷಕ್ಕೆ ಟಿಡಿ ಲಸಿಕೆ ಎಂದರು. ನಮ್ಮ ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೆಲವರು ಅದು ಬೇಡ, ಧನುರ್ವಾಯುವಿನ ಸೂಜಿ ಗಾಯವಾದಾಗ ಹಾಕಿಸಿದರೆ ಸಾಕು ಎನ್ನುತ್ತಿದ್ದಾರೆ.

ಮಕ್ಕಳ ವೈದ್ಯೆ, ಮಣಿಪಾಲ

ಟಿಡಿ ಎಂದರೆ ಧನುರ್ವಾಯು ಒಂದೇ ಅಲ್ಲ, ಗಂಟಲಮಾರಿಯ ರಕ್ಷಣೆಯೂ ಅದರಲ್ಲಿದೆ. ಬಾಲ್ಯದಲ್ಲಿ ಕೊಟ್ಟ ಡಿಪಿಟಿಯ ಬಲ ವರ್ಷ ಕಳೆದಂತೆ ಕುಂದುತ್ತದೆ. ಹಾಗಾಗಿಯೇ 5-6 ವರ್ಷಕ್ಕೆ ಡಿಪಿಟಿ ಬೂಸ್ಟರ್, 10ಕ್ಕೆ ಮತ್ತು 16ಕ್ಕೆ ಟಿಡಿ ಎಂದು ರಾಷ್ಟ್ರೀಯ ವೇಳಾಪಟ್ಟಿಯಲ್ಲೇ ಇದೆ. ಸರಕಾರಿ ಕೇಂದ್ರಗಳಲ್ಲಿ ಉಚಿತ. ಗಂಟಲಮಾರಿ ಬಂದ ಮಗುವಿನ ಉಸಿರಾಟ ಹೇಗಿರುತ್ತದೆಂದು ನೋಡಿದವರು ಈ ಲಸಿಕೆಯನ್ನು ಬೇಡ ಎನ್ನಲಾರರು. ದಯವಿಟ್ಟು ಹಾಕಿಸಿ, ಗುಂಪಿನಲ್ಲೂ ಹೇಳಿ.

ಹಿಮೋಗ್ಲೋಬಿನ್ 5ರಿಂದ 11 ವರ್ಷದವರಿಗೆ ಕನಿಷ್ಠ 11.5 ಇರಬೇಕು. 11.2 ಸೌಮ್ಯ ರಕ್ತಹೀನತೆ, ಗಾಬರಿ ಬೇಡ. ಸಿರಪ್ಪನ್ನು ಹಾಲು, ಚಹಾದ ಜೊತೆ ಕೊಡಬೇಡಿ, ಕಬ್ಬಿಣ ಮೈಗೆ ಹಿಡಿಯುವುದಿಲ್ಲ. ಮಲ ಕಪ್ಪಗಾಗುತ್ತದೆ, ಅದು ಸಹಜ. ಹಲ್ಲಿನ ಮೇಲೆ ಕಲೆ ಕೂರದಂತೆ ನಾಲಿಗೆಯ ಹಿಂಭಾಗಕ್ಕೆ ಹಾಕಿ ನೀರು ಕುಡಿಸಿ. ಹೇಳಿದಷ್ಟು ತಿಂಗಳು ಪೂರ್ತಿ ಕೊಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಏರದಿದ್ದರೆ ಬೇರೆ ಕಾರಣ ಹುಡುಕಬೇಕಾಗುತ್ತದೆ. ಜಂತುಹುಳದ ಮಾತ್ರೆಯನ್ನೂ ಕೇಳಿ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳ ನಿವಾರಣಾ ದಿನಗಳಂದು ಅಂಗನವಾಡಿ, ಶಾಲೆಗಳಲ್ಲಿ 19 ವರ್ಷದವರೆಗಿನವರಿಗೆ ಆಲ್ಬೆಂಡಜೋಲ್ ಕೊಡುತ್ತಾರೆ. ಆ ದಿನ ಮಗುವನ್ನು ರಜೆ ಹಾಕಿಸಬೇಡಿ.

ಬ್ರಹ್ಮಾವರದ ಅಜ್ಜಿ

ಸಿರಪ್ಪಿನ ಜೊತೆಗೆ ಊಟವೂ ಸರಿಯಾಗಲಿ. ಹರಿವೆ ಸೊಪ್ಪು, ನುಗ್ಗೆ ಸೊಪ್ಪು, ಹೆಸರುಕಾಳು. ಮೀನು ತಿನ್ನುವವರಾದರೆ ಬೂತಾಯಿ, ಬಂಗುಡೆಗಿಂತ ಬೇರೆ ಮದ್ದು ಬೇಡ. ಊಟದ ಜೊತೆ ನಿಂಬೆಯೋ ನೆಲ್ಲಿಕಾಯಿಯೋ ಇರಲಿ. ಬೆಳಿಗ್ಗೆ ಬನ್ಸ್ ಜೊತೆ ಮಕ್ಕಳಿಗೂ ಒಂದು ಲೋಟ ಚಹಾ ಕೊಡುವ ಅಭ್ಯಾಸ ನಮ್ಮ ಕಡೆ ಇದೆ. ಅದನ್ನು ಮೊದಲು ನಿಲ್ಲಿಸಿ.

ಮಕ್ಕಳ ವೈದ್ಯೆ, ಮಣಿಪಾಲ

ಅಜ್ಜಿಯ ಪಟ್ಟಿ ಬಹಳ ಚೆನ್ನಾಗಿದೆ, ಚಹಾದ ಮಾತಂತೂ ಎಲ್ಲರೂ ಕೇಳಬೇಕಾದದ್ದು. ಆದರೆ ರಕ್ತಹೀನತೆ ಬಂದ ಮೇಲೆ ಊಟ ಒಂದರಿಂದಲೇ ಅದು ತುಂಬುವುದು ಕಷ್ಟ. ಮೀನು ಇದೆಯೆಂದು ಸಿರಪ್ ನಿಲ್ಲಿಸಬೇಡಿ, ಎರಡೂ ಬೇಕು.

ಕಟಪಾಡಿ ಅಪ್ಪ

ನನ್ನ ಮಗನಿಗೆ ಉಬ್ಬಸವಿದೆ. ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ಗೋಡೆಯೆಲ್ಲ ತೇವ, ಬೂಸು, ಅವನಿಗೆ ರಾತ್ರಿ ಕೆಮ್ಮು. ಉಬ್ಬಸದ ಮಕ್ಕಳ ತಂದೆತಾಯಿಗೆ ನನ್ನ ಮಾತು ಇಷ್ಟೇ: ತಪಾಸಣೆಗೆ ಇನ್‌ಹೇಲರ್ ಮತ್ತು ಅದಕ್ಕೆ ಜೋಡಿಸುವ ಕೊಳವೆ, ಅಂದರೆ ಸ್ಪೇಸರ್ ತೆಗೆದುಕೊಂಡು ಹೋಗಿ, ಮಗು ಅದನ್ನು ಹೇಗೆ ಎಳೆಯುತ್ತಾನೆ ಎಂದು ವೈದ್ಯರ ಎದುರೇ ತೋರಿಸಿ. ಉಬ್ಬಸ ಬಂದರೆ ಶಾಲೆಯವರು ಏನು ಮಾಡಬೇಕೆಂದು ಅವರಿಂದಲೇ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಆ ಹಾಳೆಯ ಪ್ರತಿ ತರಗತಿ ಟೀಚರಿಗೆ, ಆಟದ ಮಾಸ್ತರರಿಗೆ, ಶಾಲಾ ವಾಹನದ ಚಾಲಕನಿಗೆ. ಇನ್ನೊಂದು ಇನ್‌ಹೇಲರ್ ಶಾಲೆಯಲ್ಲೇ ಇರಲಿ, ಆದರೆ ಬೀಗ ಹಾಕಿದ ಕಪಾಟಿನಲ್ಲಿ ಬೇಡ. ಫಿಟ್ಸ್, ಸಕ್ಕರೆ ಕಾಯಿಲೆ ಇರುವ ಮಕ್ಕಳಿಗೂ ಹೀಗೆಯೇ ಮಾಡಬೇಕು. ಮಗುವಿಗೆ ಅವಮಾನವಾಗುತ್ತದೆಂದು ಮುಚ್ಚಿಡುವವರನ್ನು ಕಂಡರೆ ಸಂಕಟವಾಗುತ್ತದೆ.

ಪುತ್ತೂರು ದಾರಿ

ನಮ್ಮ ಮಗುವಿನ ಲಸಿಕೆಗಳನ್ನು ಬರೆದಿದ್ದ ತಾಯಿ ಕಾರ್ಡ್ ಮನೆ ಬದಲಾಯಿಸುವಾಗ ಕಳೆದುಹೋಗಿದೆ. ಶಾಲೆಗೆ ಲಸಿಕೆಯ ವಿವರ ಹೇಗೆ ಕೊಡುವುದು?

ನರ್ಸ್, ಉಡುಪಿ

ಲಸಿಕೆ ಹಾಕಿಸಿದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಾಖಲೆ ಇರುತ್ತದೆ. ಮಗುವಿನ ಹುಟ್ಟಿದ ದಿನಾಂಕ, ತಾಯಿಯ ಹೆಸರು ಹೇಳಿ ಕೇಳಿ. ಆಗ ನಿಮ್ಮ ಮನೆಗೆ ಬರುತ್ತಿದ್ದ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದರೆ ಕೆಲಸ ಇನ್ನೂ ಸುಲಭ. 2022ರ ಡಿಸೆಂಬರ್‌ನಲ್ಲಿ ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಮಿದುಳು ಜ್ವರದ ಲಸಿಕೆಯ ಅಭಿಯಾನ ನಡೆದಿತ್ತು. ಅದು ಶಾಲೆಯಲ್ಲೇ ಆಗಿದ್ದರಿಂದ ಅನೇಕರ ಕಾರ್ಡಿನಲ್ಲಿ ನಮೂದಾಗಿಲ್ಲ. ಆಗ ಕೊಟ್ಟ ಚೀಟಿ ಇದ್ದರೆ ಅದನ್ನೂ ಜೊತೆಗಿಡಿ. ಎಲ್ಲಿಯೂ ದಾಖಲೆ ಸಿಗದಿದ್ದರೆ ಯಾವುದನ್ನು ಮತ್ತೆ ಹಾಕಬೇಕೆಂದು ವೈದ್ಯರು ನಿರ್ಧರಿಸುತ್ತಾರೆ. ಮತ್ತೆ ಹಾಕಿಸಿದರೆ ಅಪಾಯವೆಂದು ಹೆದರಿ ಬಿಡಬೇಡಿ.

ಮಲ್ಪೆ ಬೋಟ್

ನಾನು ಕಡಲಿಗೆ ಹೋಗುವವನು. ಮೇ ಕೊನೆಯವರೆಗೂ ದಡಕ್ಕೆ ಬರುವುದು, ಹೋಗುವುದು ಇದ್ದೇ ಇರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ, ಆಗ ಮನೆಯಲ್ಲಿರುತ್ತೇನೆ. ಮಗಳು ಮೂರನೆಯ ತರಗತಿ, ಸರಕಾರಿ ಶಾಲೆ. ಅವಳ ಅಮ್ಮನಿಗೂ ಮೀನಿನ ಕೆಲಸಕ್ಕೆ ಬೆಳಗಿನ ಜಾವವೇ ಹೋಗಬೇಕು. ಶಾಲೆ ಶುರುವಾದ ಮೇಲೆ ಕರೆದುಕೊಂಡು ಹೋದರೆ ತಡವಾಯಿತೇ? ಎಲ್ಲಿಗೆ ಹೋಗಲಿ?

ಕಾರ್ಕಳದ ಟೀಚರ್

ಖಂಡಿತ ತಡವಲ್ಲ ಅಣ್ಣ. ಶಾಲೆಯ ಮೊದಲು ಎನ್ನುವುದು ಅನುಕೂಲಕ್ಕಾಗಿ, ಕಾನೂನೇನಲ್ಲ. ನೀವು ಮನೆಯಲ್ಲಿರುವಾಗ ಅಪ್ಪನೇ ಕೈಹಿಡಿದು ಕರೆದುಕೊಂಡು ಹೋದರೆ ಮಗಳಿಗೂ ಧೈರ್ಯ. ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಬೇಕಾದರೆ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಮಂಗಳೂರು ಕಡೆಯವರಿಗೆ ವೆನ್ಲಾಕ್ ಆಸ್ಪತ್ರೆ ಇದೆ. ನಿಮ್ಮದು ಸರಕಾರಿ ಶಾಲೆಯಾದ್ದರಿಂದ ಬಾಲ ಸ್ವಾಸ್ಥ್ಯ ತಂಡವೂ ಬರುತ್ತದೆ, ಯಾವ ತಿಂಗಳು ಎಂದು ಮುಖ್ಯ ಶಿಕ್ಷಕರನ್ನು ಕೇಳಿಟ್ಟುಕೊಳ್ಳಿ.

ಕಾಯಬಾರದ ಸಂದರ್ಭಗಳೂ ಇವೆ. ಹಲಗೆಯ ಅಕ್ಷರ ಕಾಣುವುದಿಲ್ಲ ಎಂದರೆ, ಕರೆದರೆ ಕೇಳಿಸುತ್ತಿಲ್ಲ ಅನಿಸಿದರೆ, ಓಡಿದಾಗ ಬೇಗ ಏದುಸಿರು ಬಂದರೆ, ಹಳೆಯ ಚಪ್ಪಲಿ, ಲಂಗ ಎರಡು ವರ್ಷವಾದರೂ ಚಿಕ್ಕದಾಗದಿದ್ದರೆ ಜೂನ್‌ವರೆಗೆ ನಿಲ್ಲಬೇಡಿ. ಮಳೆಗಾಲದಲ್ಲಿ ಜ್ವರ ಬಂದರಂತೂ ಶೀತದ ಜ್ವರ ಎಂದು ಮನೆಮದ್ದಿನಲ್ಲಿ ದಿನ ಕಳೆಯದೆ ಮಲೇರಿಯಾ, ಡೆಂಗಿ ಪರೀಕ್ಷೆ ಮಾಡಿಸಿ. ಹೋಗುವಾಗ ಹಳೆಯ ಚೀಟಿಗಳು, ತಾಯಿ ಕಾರ್ಡ್ ಒಂದು ಪ್ಲಾಸ್ಟಿಕ್ ಚೀಲದಲ್ಲಿರಲಿ, ಮಳೆಗೆ ಒದ್ದೆಯಾಗುತ್ತದೆ. ಅವರು ಬರೆದುಕೊಟ್ಟದ್ದರ ಒಂದು ಪ್ರತಿಯನ್ನು ಮಗಳ ಟೀಚರಿಗೂ ಕೊಡಿ. ನೀವು ಆಗಸ್ಟ್‌ನಲ್ಲಿ ಮತ್ತೆ ಕಡಲಿಗೆ ಹೋದ ಮೇಲೆ ಮುಂದಿನ ತಾರೀಖನ್ನು ನೆನಪಿಸುವ ಜವಾಬ್ದಾರಿ ಅವರಿಗಿರಲಿ, ಸಂಕೋಚಪಡದೆ ಕೇಳಿಕೊಳ್ಳಿ.

ಮಲ್ಪೆ ಬೋಟ್

ಆಗಲಿ ಟೀಚರೇ. ನಿಷೇಧ ಶುರುವಾದ ಮೊದಲ ಸೋಮವಾರವೇ ಹೋಗುತ್ತೇನೆ. ಮಗಳಿಗೆ ಹಿಂದಿನ ಸಂಜೆ ಹೇಳುತ್ತೇನೆ.